ಪರವಾನಗಿ ಬದಲಾದರೆ ಬಳಕೆದಾರರ ಕೈಯಲ್ಲಿ ಉಳಿಯುವುದೇನು?

ಪ್ರಶ್ನೆ: ನಾನು ತಂತ್ರಾಂಶ ತಯಾರಿಸುವವನಲ್ಲ, ಬಳಸುವವನು ಮಾತ್ರ. ಪತ್ರ ಬರೆಯಲು, ಧ್ವನಿಮುದ್ರಣಗಳನ್ನು ಕತ್ತರಿಸಿ ಜೋಡಿಸಲು, ಫೋಟೋಗಳನ್ನು ನೋಡಲು ಹಲವು ವರ್ಷಗಳಿಂದ ಓಪನ್ ಸೋರ್ಸ್ ತಂತ್ರಾಂಶಗಳನ್ನೇ, ಅಂದರೆ ಮೂಲ ಕೋಡನ್ನು (ಸೋರ್ಸ್ ಕೋಡನ್ನು) ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದಂಥವನ್ನೇ, ನೆಚ್ಚಿಕೊಂಡಿದ್ದೇನೆ. ಈಚೆಗೆ ಅವುಗಳಲ್ಲೊಂದು ಅಪ್‌ಡೇಟ್ ಆದ ಕೂಡಲೇ ‘ನಿಯಮಗಳು ಬದಲಾಗಿವೆ, ಒಪ್ಪಿ ಮುಂದುವರಿಯಿರಿ’ ಎಂಬ ಕಿಟಕಿ ತೆರೆದುಕೊಂಡಿತು. ಓದದೆಯೇ ಒಪ್ಪಿಬಿಟ್ಟೆ. ಆ ತಂತ್ರಾಂಶದ ಲೈಸೆನ್ಸ್ ಬದಲಾಗಿದೆ ಎಂದು ಆಮೇಲೆ ತಿಳಿಯಿತು. ಹಳೆಯ ಆವೃತ್ತಿಯನ್ನು ಇಟ್ಟುಕೊಂಡರೆ ಕಾನೂನುಬಾಹಿರವಾಗುತ್ತದೆಯೇ? ಮುಂದೆ ಹಣ ಕೇಳುತ್ತಾರೆಯೇ? ನಾನು ಮಾಡಿಟ್ಟ ಕಡತಗಳ ಮೇಲೆ ಅವರಿಗೆ ಹಕ್ಕು ಬರುತ್ತದೆಯೇ? ನಾನೀಗ ಏನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆತಂಕದಲ್ಲಿರುವವರನ್ನು ಕೊನೆಯ ಸಾಲಿನವರೆಗೆ ಕಾಯಿಸುವುದು ಸರಿಯಲ್ಲ. ಓಪನ್ ಸೋರ್ಸ್ ಪರವಾನಗಿಯಡಿ ನಿಮ್ಮ ಕೈಸೇರಿದ ಹಳೆಯ ಆವೃತ್ತಿಯನ್ನು ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನುಬಾಹಿರವಾಗುವುದಿಲ್ಲ. ಹೊಸ ಆವೃತ್ತಿಗೆ ಹಣ ಕೇಳುವ ಸಾಧ್ಯತೆ ಉಂಟು, ಆದರೆ ಈಗಾಗಲೇ ಪಡೆದಿರುವುದಕ್ಕೆ ಹಿಂದಿನ ಲೆಕ್ಕ ಹಾಕಿ ಯಾರೂ ಹಣ ವಸೂಲು ಮಾಡುವಂತಿಲ್ಲ. ನೀವು ಮಾಡಿದ ಕಡತಗಳು ನಿಮ್ಮವೇ. ನಾಲ್ಕನೆಯ ಪ್ರಶ್ನೆಗೆ ಮಾತ್ರ ಉತ್ತರ ಉದ್ದವಾಗುತ್ತದೆ. ನಾಳೆಯಿಂದ ನಿಮ್ಮ ಯಂತ್ರಕ್ಕೆ ಅಪ್‌ಡೇಟ್ ಯಾರ ಕಡೆಯಿಂದ ಬರುತ್ತದೆ, ಅದನ್ನು ನಂಬಬಹುದೇ ಎಂಬುದನ್ನು ನೀವು ಕೇಳಿಲ್ಲ. ಏನು ಮಾಡಬೇಕೆಂಬ ತೀರ್ಮಾನ ನಿಂತಿರುವುದು ಅದರ ಮೇಲೆಯೇ.

ಪರವಾನಗಿ ಎಂದರೇನು ಎಂಬಲ್ಲಿಂದ ಆರಂಭಿಸೋಣ. ತಂತ್ರಾಂಶವನ್ನು ಬರೆದವರಿಗೆ, ಕಥೆ ಬರೆದವರಿಗೆ ಇರುವಂತೆಯೇ, ಕೃತಿಸ್ವಾಮ್ಯ ಇರುತ್ತದೆ. ಅವರ ಅನುಮತಿ ಇಲ್ಲದೆ ಬೇರೆಯವರು ಅದನ್ನು ನಕಲು ಮಾಡುವಂತಿಲ್ಲ, ತಿದ್ದಿ ಹಂಚುವಂತಿಲ್ಲ. ಇಂಥಿಂಥ ಷರತ್ತಿಗೆ ಒಳಪಟ್ಟು ಎಲ್ಲರೂ ಮಾಡಬಹುದು ಎಂದು ಬರೆದುಕೊಟ್ಟ ಅನುಮತಿಯೇ ಪರವಾನಗಿ. ಎಂಐಟಿ, ಬಿಎಸ್‌ಡಿ, ಅಪಾಚೆ ಮುಂತಾದವು ಹೆಚ್ಚು ಷರತ್ತು ಹಾಕದ ಗುಂಪಿಗೆ ಸೇರಿದವು. ಜಿಪಿಎಲ್‌ನಂಥವು ‘ತಿದ್ದಿ ಹಂಚುವುದಾದರೆ ನಿಮ್ಮ ತಿದ್ದುಪಡಿಯನ್ನೂ ಇದೇ ಷರತ್ತಿನ ಮೇಲೆ ಕೊಡಬೇಕು’ ಎನ್ನುವಂಥವು. ಈ ಅನುಮತಿ ಒಂದೊಂದು ಆವೃತ್ತಿಯ ಜೊತೆಗೂ ಅಂಟಿಕೊಂಡೇ ಬರುತ್ತದೆ. 2007ರಲ್ಲಿ ಬಂದ ಜಿಪಿಎಲ್‌ನ ಮೂರನೆಯ ಆವೃತ್ತಿಯಲ್ಲಿ, ಷರತ್ತು ಪಾಲಿಸುವವರೆಗೆ ಕೊಟ್ಟ ಹಕ್ಕನ್ನು ಹಿಂತೆಗೆದುಕೊಳ್ಳಲಾಗದು ಎಂದು ಸ್ಪಷ್ಟವಾಗಿ ಬರೆಯಲಾಗಿದೆ. 2004ರ ಅಪಾಚೆ ಎರಡನೆಯ ಆವೃತ್ತಿಯಲ್ಲೂ ಇದೇ ಅರ್ಥದ ಮಾತಿದೆ. ಆದ್ದರಿಂದ ‘ಪರವಾನಗಿ ಬದಲಾಯಿತು’ ಎಂಬ ಸುದ್ದಿ ಕೇಳಿದಾಗ ‘ಇಂಥ ಆವೃತ್ತಿಯಿಂದ ಮುಂದಕ್ಕೆ ಬದಲಾಯಿತು’ ಎಂದು ಓದಿಕೊಳ್ಳಬೇಕು. ಆ ಗಡಿಯ ಹಿಂದಿರುವುದೆಲ್ಲ ಹಿಂದಿನ ಷರತ್ತಿನ ಮೇಲೆಯೇ ಉಳಿಯುತ್ತದೆ.

ನಿಮ್ಮನ್ನು ಗಾಬರಿಗೊಳಿಸಿದ ಆ ಕಿಟಕಿಗೆ ಸಂಬಂಧಪಟ್ಟ, ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಜಿಪಿಎಲ್ ಮೂರನೆಯ ಆವೃತ್ತಿಯ ಒಂಬತ್ತನೆಯ ಕಲಮಿನ ಪ್ರಕಾರ, ತಂತ್ರಾಂಶದ ಪ್ರತಿಯೊಂದನ್ನು ಪಡೆಯಲು ಅಥವಾ ಅದನ್ನು ಚಲಾಯಿಸಲು ನೀವು ಆ ಪರವಾನಗಿಯನ್ನು ಒಪ್ಪಬೇಕಾಗಿಯೇ ಇಲ್ಲ. 1991ರ ಎರಡನೆಯ ಆವೃತ್ತಿಯೂ ಚಲಾಯಿಸುವುದಕ್ಕೆ ನಿರ್ಬಂಧವಿಲ್ಲ ಎಂದೇ ಹೇಳುತ್ತದೆ. ಷರತ್ತುಗಳು ಅನ್ವಯವಾಗುವುದು ಅದನ್ನು ತಿದ್ದಿಯೋ ತಿದ್ದದೆಯೋ ಇತರರಿಗೆ ಹಂಚುವವರಿಗೆ. ಪತ್ರ ಬರೆಯುವವರಿಗೆ, ಹಾಡು ಕತ್ತರಿಸುವವರಿಗೆ ಅಲ್ಲಿ ಪಾಲಿಸಲು ಏನೂ ಇಲ್ಲ. ಹಾಗಿದ್ದೂ ‘ಒಪ್ಪಿ’ ಎಂಬ ಗುಂಡಿ ಕಂಡರೆ ಎರಡರಲ್ಲಿ ಒಂದು ನಡೆದಿರುತ್ತದೆ: ಇನ್‌ಸ್ಟಾಲ್ ಮಾಡುವ ಕಿರುತಂತ್ರಾಂಶ ರೂಢಿಯಂತೆ ಪರವಾನಗಿಯ ಪಠ್ಯವನ್ನು ತೋರಿಸಿ ಒಪ್ಪಿಗೆ ಕೇಳಿರುತ್ತದೆ, ಇಲ್ಲವೇ ನಿಮ್ಮ ಮುಂದಿಟ್ಟಿರುವುದು ಪರವಾನಗಿಯಲ್ಲದೆ ಬೇರೆಯೇ ಕಾಗದವಾಗಿರುತ್ತದೆ.

ಆ ಬೇರೆ ಕಾಗದಗಳಲ್ಲಿ ಮುಖ್ಯವಾದವು ಎರಡು, ಬಳಕೆಯ ನಿಯಮಗಳು ಮತ್ತು ಖಾಸಗಿತನದ ನೀತಿ. ಸೋರ್ಸ್ ಕೋಡಿನ ಪರವಾನಗಿ ಒಂದಕ್ಷರವೂ ಬದಲಾಗದೆ ಇವು ಬದಲಾಗಬಹುದು, ಮತ್ತು ದಿನಬಳಕೆಯವರಿಗೆ ಹೆಚ್ಚು ತಟ್ಟುವುದು ಇವೇ. 2025ರ ಫೆಬ್ರವರಿಯಲ್ಲಿ ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಬಳಕೆಯ ನಿಯಮಗಳನ್ನು ಪ್ರಕಟಿಸಿದಾಗ, ಬಳಕೆದಾರರು ಟೈಪ್ ಮಾಡುವ ಮಾಹಿತಿಯ ಮೇಲೆ ಸಂಸ್ಥೆಗೆ ಕೊಡುವ ಹಕ್ಕಿನ ಬಗೆಗಿನ ಒಂದು ವಾಕ್ಯ ದೊಡ್ಡ ವಿರೋಧಕ್ಕೆ ಕಾರಣವಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ವಾಕ್ಯವನ್ನು ತಿದ್ದಿತು. ಈ ಇಡೀ ಗದ್ದಲದ ಉದ್ದಕ್ಕೂ ಫೈರ್‌ಫಾಕ್ಸ್‌ನ ಸೋರ್ಸ್ ಕೋಡು ಎಂದಿನಂತೆ ಮೊಜಿಲ್ಲಾ ಸಾರ್ವಜನಿಕ ಪರವಾನಗಿಯ (ಎಂಪಿಎಲ್) ಅಡಿಯಲ್ಲಿಯೇ ಇತ್ತು. ‘ಫೈರ್‌ಫಾಕ್ಸ್‌ನ ಲೈಸೆನ್ಸ್ ಬದಲಾಯಿತು’ ಎಂದು ನಂಬಿ ಅದನ್ನು ತೆಗೆದುಹಾಕಿದವರು ಕಾಗದವನ್ನೇ ತಪ್ಪಾಗಿ ಗುರುತಿಸಿದ್ದರು, ಅವರ ಆತಂಕಕ್ಕೆ ಕಾರಣ ಇದ್ದರೂ.

ನೀವು ಧ್ವನಿಮುದ್ರಣದ ಮಾತೆತ್ತಿದ್ದೀರಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದ ಕಥೆಯಲ್ಲಿ ಈ ಎಲ್ಲ ಎಳೆಗಳೂ ಒಟ್ಟಿಗೆ ಸಿಕ್ಕುತ್ತವೆ, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 2021ರ ವಸಂತದಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಈ ಯೋಜನೆಯನ್ನು ತನ್ನದಾಗಿಸಿಕೊಂಡಿತು. ಮೊದಲು, ಬಳಕೆಯ ಅಂಕಿಅಂಶಗಳನ್ನು ಸಂಗ್ರಹಿಸುವ ಪ್ರಸ್ತಾಪ ಬಂದು, ವಿರೋಧ ಎದುರಾದ ಮೇಲೆ ಹಿಂದಕ್ಕೆ ಹೋಯಿತು. ಪರವಾನಗಿ ಜಿಪಿಎಲ್ ಎರಡರಿಂದ ಮೂರಕ್ಕೆ ಸಾಗಿತು. ಇದು ನಿಜವಾಗಿ ಬಳಕೆದಾರರಿಗೆ ಒಳಿತನ್ನೇ ಮಾಡುವ ಬದಲಾವಣೆಯಾಗಿತ್ತು, ಏಕೆಂದರೆ ವಿಎಸ್‌ಟಿ 3 ಎಂಬ ಬಗೆಯ ಪ್ಲಗಿನ್‌ಗಳನ್ನು, ಅಂದರೆ ಸೇರ್ಪಡೆ ತಂತ್ರಾಂಶಗಳನ್ನು, ಸೇರಿಸಿಕೊಳ್ಳಲು ಜಿಪಿಎಲ್ ಮೂರು ಬೇಕಾಗಿತ್ತು. ಜುಲೈನಲ್ಲಿ ಪ್ರಕಟವಾದ ಖಾಸಗಿತನದ ನೀತಿ ಮಾತ್ರ ಬೆಂಕಿ ಹೊತ್ತಿಸಿತು. ಕಾನೂನು ಜಾರಿ ಸಂಸ್ಥೆಗಳಿಗೆ ಬೇಕಾಗುವ ಮಾಹಿತಿಯ ಬಗ್ಗೆ ಅದರಲ್ಲಿದ್ದ ಅಸ್ಪಷ್ಟ ಮಾತು, ಹದಿಮೂರು ವರ್ಷದೊಳಗಿನವರು ಬಳಸಬಾರದೆಂಬ ಮಾತು ಎರಡೂ ಜನರನ್ನು ಕೆರಳಿಸಿದವು. ಕಂಪನಿ ಕ್ಷಮೆ ಕೇಳಿ ನೀತಿಯನ್ನು ತಿದ್ದಿ ಬರೆಯಿತು. ಅಷ್ಟರಲ್ಲಿ ಹಲವರು ಹಳೆಯ ಆವೃತ್ತಿಗೆ ಮರಳಲು ಹೊರಟಿದ್ದರು. ಅವರಿಗೆ ಅಲ್ಲಿ ಪರವಾನಗಿಗೆ ಸಂಬಂಧವೇ ಇಲ್ಲದ ಅಡ್ಡಿಯೊಂದು ಎದುರಾಗುವಂತಿತ್ತು: ಅದೇ ಮಾರ್ಚಿನಲ್ಲಿ ಬಂದಿದ್ದ 3.0 ಆವೃತ್ತಿ ಯೋಜನೆಯ ಕಡತಗಳನ್ನು ಹೊಸ ಬಗೆಯಲ್ಲಿ ಉಳಿಸಲು ಆರಂಭಿಸಿತ್ತು, ಹಿಂದಿನ 2.4 ಸರಣಿಗೆ ಆ ಕಡತಗಳನ್ನು ತೆರೆಯಲು ಬರುತ್ತಿರಲಿಲ್ಲ. ಹಿಂದಿನ ಆವೃತ್ತಿಯನ್ನು ಬಳಸುವ ಹಕ್ಕು ಪೂರ್ತಿಯಾಗಿ ಉಳಿದಿತ್ತು. ನಡುವಿನ ಕೆಲವು ತಿಂಗಳ ಕೆಲಸ ಮಾತ್ರ ಆ ಹಕ್ಕಿನಾಚೆ ನಿಂತಿತ್ತು.

ಇಂಥದನ್ನು ನಾನೂ ಅನುಭವಿಸಿದ್ದೇನೆ. ಟಿಪ್ಪಣಿಗಳನ್ನು ಜೋಡಿಸಿಡಲು ವರ್ಷಗಟ್ಟಲೆ ಬಳಸಿದ ಒಂದು ತಂತ್ರಾಂಶದಲ್ಲಿ, ಟಿಪ್ಪಣಿಗಳನ್ನೆಲ್ಲ ಹೊರತೆಗೆಯುವ ಮೆನುವಿನ ಸಾಲು ಒಂದು ದಿನ ಮಸುಕಾಗಿ, ಪಕ್ಕದಲ್ಲಿ ಪುಟ್ಟ ಬೀಗದ ಗುರುತು ಕಾಣಿಸಿತು. ‘ಈ ತಂತ್ರಾಂಶದ ಬಗ್ಗೆ’ ಎಂಬ ಕಿಟಕಿ ತೆರೆದು ನೋಡಿದೆ. ಹಿಂದೆ ಪರವಾನಗಿಯ ಹೆಸರೂ ಸೋರ್ಸ್ ಕೋಡಿನ ಕೊಂಡಿಯೂ ಇದ್ದ ಜಾಗದಲ್ಲಿ ಕಂಪನಿಯ ಹೆಸರು ಮತ್ತು ಇಸವಿ ಮಾತ್ರ ಉಳಿದಿದ್ದವು. ಬದಲಾವಣೆ ಐದು ತಿಂಗಳ ಹಿಂದೆಯೇ ಆಗಿತ್ತು, ಅಪ್‌ಡೇಟ್‌ಗಳು ತಮ್ಮಷ್ಟಕ್ಕೆ ಇಳಿಯುತ್ತಿದ್ದುದರಿಂದ ನನ್ನ ಗಮನಕ್ಕೆ ಬಂದಿರಲಿಲ್ಲ. ಹಳೆಯ ಇನ್‌ಸ್ಟಾಲರ್ ಒಂದು ಡಿಸ್ಕ್‌ನಲ್ಲಿತ್ತು. ಅದನ್ನು ಹಾಕಿ ತೆರೆದರೆ ‘ಈ ಕಡತ ಹೊಸ ಆವೃತ್ತಿಯದು’ ಎಂದು ಹೇಳಿ ಮುಚ್ಚಿಕೊಂಡಿತು. ಟಿಪ್ಪಣಿಗಳನ್ನು ಒಂದೊಂದಾಗಿ ನಕಲಿಸಿ ಬೇರೆಡೆಗೆ ಸಾಗಿಸಲು ಮೂರು ವಾರಾಂತ್ಯಗಳು ಹಿಡಿದವು. ಕಾನೂನಿನ ದೃಷ್ಟಿಯಲ್ಲಿ ನನ್ನಿಂದ ಯಾರೂ ಏನನ್ನೂ ಕಸಿದುಕೊಂಡಿರಲಿಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಆ ವಾರಾಂತ್ಯಗಳ ಬೇಸರ ಇಂದಿಗೂ ನೆನಪಿದೆ.

ಪರವಾನಗಿಯನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ತಿಳಿದರೆ, ಯಾವ ತಂತ್ರಾಂಶದಲ್ಲಿ ಇಂಥದು ಮುಂದೆ ನಡೆಯಬಹುದು ಎಂದು ಊಹಿಸಲು ಬರುತ್ತದೆ. ಅಧಿಕಾರ ಇರುವುದು ಕೃತಿಸ್ವಾಮ್ಯ ಉಳ್ಳವರಿಗೆ. ಸಾವಿರಾರು ಜನ ಬರೆದು, ಪ್ರತಿಯೊಬ್ಬರೂ ತಮ್ಮ ಭಾಗದ ಸ್ವಾಮ್ಯವನ್ನು ತಾವೇ ಇಟ್ಟುಕೊಂಡಿದ್ದರೆ ಅವರೆಲ್ಲರನ್ನೂ ಕೇಳಬೇಕು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್, ಇಂಥದು. ಅದು ಜಿಪಿಎಲ್ ಎರಡನ್ನು ಬಿಟ್ಟು ಕದಲುವುದು ಕಾರ್ಯತಃ ಅಸಾಧ್ಯ. ಎಲ್ಲರನ್ನೂ ಕೇಳಿ ಬದಲಾಯಿಸುವ ಶ್ರಮ ಎಷ್ಟು ದೊಡ್ಡದೆಂದು ವಿಎಲ್‌ಸಿ ಪ್ಲೇಯರ್‌ನಿಂದ ತಿಳಿಯುತ್ತದೆ. ಆ್ಯಪಲ್‌ನ ಆ್ಯಪ್ ಸ್ಟೋರಿನ ನಿಯಮಗಳಿಗೂ ಜಿಪಿಎಲ್‌ಗೂ ಹೊಂದಾಣಿಕೆ ಇಲ್ಲವೆಂದು ವಿಎಲ್‌ಸಿಯ ಡೆವಲಪರ್ ಒಬ್ಬರೇ ಆಕ್ಷೇಪಿಸಿದ ಮೇಲೆ, 2011ರ ಜನವರಿಯಲ್ಲಿ ಐಫೋನ್, ಐಪ್ಯಾಡ್‌ಗಳ ವಿಎಲ್‌ಸಿ ಅಲ್ಲಿಂದ ಮಾಯವಾಯಿತು. ಅದನ್ನು ಬಳಸುತ್ತಿದ್ದವರಿಗೆ ತಮ್ಮದಲ್ಲದ ಜಗಳದ ಫಲ ಸಿಕ್ಕಿತು. ಆನಂತರ ವಿಎಲ್‌ಸಿ ತಂಡದವರು ಹಿಂದೆಂದೋ ಕೋಡು ಬರೆದುಕೊಟ್ಟು ಹೋದವರನ್ನೆಲ್ಲ ಹುಡುಕಿ, ಒಬ್ಬೊಬ್ಬರ ಒಪ್ಪಿಗೆ ಪಡೆದು, ಮುಖ್ಯ ಭಾಗಗಳನ್ನು ಎಲ್‌ಜಿಪಿಎಲ್ ಎಂಬ ಸಡಿಲ ಪರವಾನಗಿಗೆ ತಂದರು. 2013ರ ಜುಲೈನಲ್ಲಿ ವಿಎಲ್‌ಸಿ ಐಫೋನಿಗೆ ಹೊಂದುವ ಪರವಾನಗಿಯೊಂದಿಗೆ ಮರಳಿ ಬಂತು. ಪರವಾನಗಿ ಬದಲಾವಣೆ ಎಂದರೆ ಯಾವಾಗಲೂ ಕೇಡು ಎಂದು ತಿಳಿದವರಿಗೆ ನಾನು ಈ ಉದಾಹರಣೆಯನ್ನು ಕೊಡುತ್ತೇನೆ. ಅನುಮತಿ ಕೇಳಿಕೊಂಡು ನಡೆದ ಬದಲಾವಣೆ ಇದು.

ಕೋಡು ಬರೆದುಕೊಡುವವರಿಂದ ಮೊದಲೇ ಒಪ್ಪಂದಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕಂಪನಿಗಳ ಯೋಜನೆಗಳು ಇದಕ್ಕಿಂತ ಭಿನ್ನ. ಪರವಾನಗಿಯನ್ನು ಬದಲಾಯಿಸುವ ಹಕ್ಕೂ ಸಾಮಾನ್ಯವಾಗಿ ಆ ಪತ್ರದೊಂದಿಗೆ ಕಂಪನಿಯ ಕೈಸೇರುತ್ತದೆ, ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಇತ್ತೀಚಿನ ದೊಡ್ಡ ಬದಲಾವಣೆಗಳು ಬಹುತೇಕ ಒಂದೊಂದು ಕಂಪನಿಯ ಹಿಡಿತದಲ್ಲಿದ್ದ ಇಂಥ ಯೋಜನೆಗಳಲ್ಲಿಯೇ ನಡೆದವು. ದತ್ತಾಂಶ ಇಟ್ಟುಕೊಳ್ಳಲು ಬಳಸುವ ಮಾಂಗೋಡಿಬಿ 2018ರ ಅಕ್ಟೋಬರ್‌ನಲ್ಲಿ ಎಸ್‌ಎಸ್‌ಪಿಎಲ್ ಎಂಬ ಹೊಸ ಪರವಾನಗಿಗೆ ಹೋಯಿತು. ಹುಡುಕಾಟಕ್ಕೆ ಬಳಸುವ ಇಲಾಸ್ಟಿಕ್‌ಸರ್ಚ್ 2021ರಲ್ಲಿ ಅಪಾಚೆಯನ್ನು ಬಿಟ್ಟಿತು. ಟೆರಾಫಾರ್ಮ್ ತಯಾರಿಸುವ ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ, ರೆಡಿಸ್ 2024ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿದವು. ಎಲ್ಲರೂ ಕೊಟ್ಟ ಕಾರಣ ಸುಮಾರಾಗಿ ಒಂದೇ: ತಾವು ಬರೆದ ತಂತ್ರಾಂಶವನ್ನು ದೊಡ್ಡ ಕ್ಲೌಡ್ ಕಂಪನಿಗಳು ಬಾಡಿಗೆ ಸೇವೆಯಾಗಿ ಮಾರಿ ಲಾಭ ಮಾಡಿಕೊಳ್ಳುತ್ತಿವೆ, ತಮಗೆ ಏನೂ ಬರುತ್ತಿಲ್ಲ. ಈ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ, ತಂತ್ರಾಂಶ ಬರೆಯುವವರೂ ಬದುಕಬೇಕು. ಆದರೆ ಮುಕ್ತವೆಂಬ ಭರವಸೆಯ ಮೇಲೆ ನೂರಾರು ಜನರ ದುಡಿಮೆಯನ್ನು ಸ್ವೀಕರಿಸಿ, ಬೆಳೆದು ನಿಂತ ಮೇಲೆ ಭರವಸೆಯನ್ನು ಬದಲಾಯಿಸುವುದನ್ನು ನಾನು ಒಪ್ಪಲಾರೆ. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿಯನ್ನೂ ಒಂದು ಆಯ್ಕೆಯಾಗಿ ಸೇರಿಸಿದವು ಎಂಬುದನ್ನು ಇಲ್ಲಿ ಹೇಳಬೇಕು. ಹೊರಟವರು ಅರ್ಧ ದಾರಿ ಹಿಂದಿರುಗಿದ್ದೂ ಉಂಟು.

ಇವೆಲ್ಲ ಸರ್ವರ್‌ಗಳಲ್ಲಿ ಓಡುವಂಥವು, ನಿಮ್ಮ ಕಣ್ಣಿಗೆ ಬೀಳುವಂಥವಲ್ಲ. ನೀವು ಬಳಸುವ ಜಾಲತಾಣದ ಹಿಂದೆ ರೆಡಿಸ್ ಇದ್ದರೂ ಬದಲಾವಣೆಯ ಭಾರ ಆ ಜಾಲತಾಣ ನಡೆಸುವವರದು. ಇಂಥ ಕಡೆ ಬಳಕೆದಾರರಿಗೂ ಬಿರುಗಾಳಿಗೂ ನಡುವೆ ಲಿನಕ್ಸ್ ವಿತರಣೆಗಳನ್ನು, ಅಂದರೆ ಲಿನಕ್ಸ್ ಜೊತೆ ಬೇಕಾದ ತಂತ್ರಾಂಶಗಳನ್ನೂ ಸೇರಿಸಿದ ಕಟ್ಟುಗಳನ್ನು, ಸಿದ್ಧಪಡಿಸುವವರು ನಿಂತಿರುತ್ತಾರೆ, ಅವರ ಕೆಲಸ ಹೊರಗೆ ಕಾಣುವುದೇ ಇಲ್ಲ. ಎಸ್‌ಎಸ್‌ಪಿಎಲ್ ತಮ್ಮ ನಿಯಮಗಳಿಗೆ ಒಪ್ಪುವುದಿಲ್ಲವೆಂದು ಫೆಡೋರಾ, ಡೆಬಿಯನ್ ಎಂಬ ವಿತರಣೆಗಳವರು ಮಾಂಗೋಡಿಬಿಯನ್ನು ಕೈಬಿಟ್ಟರು. ರೆಡಿಸ್ ಬದಲಾದ ಎಂಟೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ವ್ಯಾಲ್‌ಕೀ ಎಂಬ ಹೆಸರಿನಲ್ಲಿ ಹಿಂದಿನ ಮುಕ್ತ ಕೋಡಿನ ಮುಂದುವರಿಕೆಯನ್ನು ಘೋಷಿಸಿತು, ಹಲವು ವಿತರಣೆಗಳು ಅದನ್ನೇ ಎತ್ತಿಕೊಂಡವು. ಬಹಳ ಹಿಂದೆ, 2004ರಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್‌ಫ್ರೀ86 ತನ್ನ ಪರವಾನಗಿಗೆ ಹೊಸ ಷರತ್ತೊಂದನ್ನು ಸೇರಿಸಿದಾಗ ವಿತರಣೆಗಳು ಒಂದಾದ ಮೇಲೊಂದು ಎಕ್ಸ್.ಆರ್ಗ್ ಕಡೆಗೆ ಹೋದವು; ಲಿನಕ್ಸ್ ಬಳಸುತ್ತಿದ್ದವರಲ್ಲಿ ಎಷ್ಟೋ ಜನರಿಗೆ ತಮ್ಮ ಕಾಲಡಿಯ ನೆಲ ಬದಲಾದದ್ದು ಗೊತ್ತೇ ಆಗಲಿಲ್ಲ.

ಆ್ಯಪಲ್ ಕಂಪ್ಯೂಟರ್‌ಗಳಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ಆದೇಶಗಳನ್ನು ಟೈಪ್ ಮಾಡಲು ಬಳಸುವ ಬ್ಯಾಶ್ ಎಂಬ ತಂತ್ರಾಂಶ 2009ರ 4.0 ಆವೃತ್ತಿಯಿಂದ ಜಿಪಿಎಲ್ ಮೂರಕ್ಕೆ ಹೋಯಿತು. ಆ್ಯಪಲ್ ತನ್ನ ಯಂತ್ರಗಳಲ್ಲಿ ಅದಕ್ಕೂ ಹಿಂದಿನ 3.2 ಸರಣಿಯನ್ನೇ ಕೊಡುತ್ತ ಬಂದು, 2019ರಲ್ಲಿ ಬೇರೆ ಪರವಾನಗಿಯ ಜೆಡ್‌ಶೆಲ್ ಅನ್ನು ಮುಂದಿಟ್ಟಿತು. ಕಾರಣವೇನೆಂದು ಕಂಪನಿ ಬಹಿರಂಗವಾಗಿ ಹೇಳದಿದ್ದರೂ, ಜಿಪಿಎಲ್ ಮೂರರ ಷರತ್ತುಗಳೇ ಕಾರಣವೆಂಬುದು ಈ ಕ್ಷೇತ್ರದವರ ಸಾಮಾನ್ಯ ತಿಳಿವಳಿಕೆ.

ನಿಮ್ಮಂತೆ ಆ್ಯಪ್ ಸ್ಟೋರಿನಿಂದಲೋ ತಯಾರಕರ ತಾಣದಿಂದಲೋ ನೇರವಾಗಿ ತಂತ್ರಾಂಶ ಇಳಿಸಿಕೊಳ್ಳುವವರಿಗೆ ಈ ನಡುವಿನ ಕಾವಲು ಇರುವುದಿಲ್ಲ. ಅವರು ಹಿಂಬಾಲಿಸುವುದು ಒಂದು ಹೆಸರನ್ನು, ಒಂದು ಐಕಾನನ್ನು. ಓಪನ್ ಸೋರ್ಸ್ ಪರವಾನಗಿ ಕಾಪಾಡುವುದಾದರೋ ಕೋಡನ್ನು. ಹೆಸರು ಟ್ರೇಡ್‌ಮಾರ್ಕ್ ಆಗಿ ಅದರ ಒಡೆಯರ ಬಳಿ ಉಳಿಯುತ್ತದೆ, ಆ್ಯಪ್ ಸ್ಟೋರಿನ ಖಾತೆ ಒಡೆಯರ ಬಳಿ ಉಳಿಯುತ್ತದೆ, ಅಪ್‌ಡೇಟ್ ಕಳಿಸುವ ಸರ್ವರ್ ಅವರದೇ. ಬೇರೆಯವರು ಕೋಡನ್ನು ತೆಗೆದುಕೊಂಡು ಫೋರ್ಕ್, ಅಂದರೆ ಕವಲು, ತೆಗೆಯಬಹುದು. ಆದರೆ ಹೊಸ ಹೆಸರಿನಲ್ಲಿ, ಸೊನ್ನೆಯಿಂದ ಆರಂಭಿಸಬೇಕು. ನಿಮ್ಮ ಯಂತ್ರದಲ್ಲಿರುವ ಐಕಾನಿಗೆ ಆ ಕವಲಿನ ವಿಷಯ ತಿಳಿದಿರುವುದಿಲ್ಲ, ಅದು ಹಳೆಯ ಒಡೆಯರು ಕಳಿಸಿದ್ದನ್ನೇ ಇಳಿಸಿಕೊಳ್ಳುತ್ತ ಹೋಗುತ್ತದೆ. ಪರವಾನಗಿ ಬದಲಾವಣೆಯಲ್ಲಿ ಸಾಮಾನ್ಯ ಬಳಕೆದಾರರು ಕಷ್ಟಕ್ಕೆ ಸಿಲುಕುವುದು ಈ ಸಂದಿಯಲ್ಲಿ ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು.

ಫೋಟೋ ನೋಡಲು ನೀವು ಯಾವುದನ್ನು ಬಳಸುತ್ತೀರೋ ತಿಳಿಯದು, ಆಂಡ್ರಾಯ್ಡ್ ಫೋನುಗಳಲ್ಲಿ ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಸರಣಿ ಇತ್ತು: ಗ್ಯಾಲರಿ, ಕ್ಯಾಲೆಂಡರ್, ಫೋನ್‌ಪುಸ್ತಕ ಮುಂತಾದವು, ಜಾಹೀರಾತಿಲ್ಲದ ಶುದ್ಧ ಆ್ಯಪ್‌ಗಳು, ಜಿಪಿಎಲ್ ಮೂರರ ಅಡಿಯಲ್ಲಿ. 2023ರ ಕೊನೆಯ ಹೊತ್ತಿಗೆ ಅದರ ತಯಾರಕರು ಸರಣಿಯನ್ನು ಬೇರೊಂದು ಕಂಪನಿಗೆ ಮಾರಿದರು. ಕೋಡು ಮುಕ್ತವಾಗಿದ್ದುದರಿಂದ ಕೆಲವರು ಅದನ್ನು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಇಂದಿಗೂ ಅದು ನಡೆಯುತ್ತಿದೆ. ಆದರೆ ಸ್ಟೋರಿನಲ್ಲಿದ್ದ ಹಳೆಯ ಹೆಸರೂ ಅದರೊಂದಿಗೆ ಬೆಸೆದುಕೊಂಡಿದ್ದ ಫೋನುಗಳೂ ಕೊಂಡವರ ಪಾಲಾದವು. ಮನೆಯಲ್ಲಿ ಚಲನಚಿತ್ರ, ಹಾಡುಗಳ ಸಂಗ್ರಹ ಇಟ್ಟುಕೊಳ್ಳುವವರು ಬಳಸುತ್ತಿದ್ದ ಎಂಬಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿದ, ಅಂದರೆ ಕೋಡು ಬಹಿರಂಗವಲ್ಲದ, ತಂತ್ರಾಂಶವಾದಾಗಲೂ ಇದೇ ಆಯಿತು: ಕೊನೆಯ ಮುಕ್ತ ಕೋಡಿನಿಂದ ಜೆಲ್ಲಿಫಿನ್ ಹುಟ್ಟಿತು, ಸುದ್ದಿ ತಿಳಿದವರು ಅತ್ತ ಹೋದರು, ತಿಳಿಯದವರು ಇದ್ದಲ್ಲೇ ಇದ್ದರು.

ಕಚೇರಿ ತಂತ್ರಾಂಶದ ಕಥೆಯಲ್ಲಿ ಹೆಸರಿನ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಓಪನ್‌ಆಫೀಸ್ ಅನ್ನು ಪೋಷಿಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ 2010ರ ಜನವರಿಯಲ್ಲಿ ಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್ ಸಮುದಾಯದ ಹಲವು ಪ್ರಮುಖರು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ ಲಿಬ್ರೆಆಫೀಸ್ ಅನ್ನು ಆರಂಭಿಸಿದರು. ಹಳೆಯ ಹೆಸರನ್ನು ತಮಗೇ ಕೊಡಿ ಎಂದು ಅವರು ಕೇಳಿದ್ದರು, ಸಿಗಲಿಲ್ಲ. ಒರಾಕಲ್ 2011ರಲ್ಲಿ ಓಪನ್‌ಆಫೀಸ್ ಅನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು, ಅಲ್ಲಿ ಅದು ಅಪಾಚೆ ಪರವಾನಗಿಗೆ ಬದಲಾಯಿತು. ಇದರ ಫಲವಾಗಿ ಒಮ್ಮುಖ ಬಾಗಿಲೊಂದು ನಿರ್ಮಾಣವಾಯಿತು: ಅಪಾಚೆಯ ಕೋಡನ್ನು ಲಿಬ್ರೆಆಫೀಸ್‌ನವರು ಎತ್ತಿಕೊಳ್ಳಬಹುದು, ಲಿಬ್ರೆಆಫೀಸ್‌ನ ಕೋಡನ್ನು ಓಪನ್‌ಆಫೀಸ್‌ನವರು ತಮ್ಮ ನಿಯಮಗಳ ಪ್ರಕಾರ ಎತ್ತಿಕೊಳ್ಳಲಾರರು. ಒಂದು ಕಡೆ ಬೆಳವಣಿಗೆ ಕೂಡುತ್ತ ಹೋಯಿತು. ಇನ್ನೊಂದು ಕಡೆ 2014ರ 4.1ರ ನಂತರ ಬಂದದ್ದು ಅದೇ ಸರಣಿಯ ಸಣ್ಣ ತಿದ್ದುಪಡಿಗಳು ಮಾತ್ರ. ಹಳೆಯ ಹೆಸರನ್ನೇ ನೆನಪಿಟ್ಟುಕೊಂಡು ಅದನ್ನೇ ಹುಡುಕಿ ಹಾಕಿಕೊಳ್ಳುವವರು ಇಂದಿಗೂ ಇದ್ದಾರೆ. ನೀವು ಪತ್ರ ಬರೆಯಲು ಬಳಸುತ್ತಿರುವುದು ಅದೇ ಆಗಿದ್ದರೆ, ಈ ಉತ್ತರವನ್ನು ಓದಿ ಮುಗಿಸುವ ಮೊದಲೇ ಲಿಬ್ರೆಆಫೀಸ್ ಇಳಿಸಲು ಹಾಕಿದರೂ ನನ್ನ ಅಭ್ಯಂತರವಿಲ್ಲ. ನಿಮ್ಮ ಹಳೆಯ ಕಡತಗಳು ಅದರಲ್ಲಿ ತೆರೆದುಕೊಳ್ಳುತ್ತವೆ, ಏಕೆಂದರೆ ಅವು ಓಡಿಎಫ್ ಎಂಬ ಬಹಿರಂಗ ಮಾದರಿಯಲ್ಲಿರುತ್ತವೆ. ಅದು 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಯಿತು.

ಕಡತಗಳ ಮೇಲಿನ ಹಕ್ಕಿನ ಬಗ್ಗೆ ನೀವು ಕೇಳಿದ್ದು ಇಲ್ಲಿಗೆ ಸೇರುತ್ತದೆ. ಜಿಪಿಎಲ್ ತಂತ್ರಾಂಶದಿಂದ ಹೊರಬರುವ ಫಲಿತಾಂಶಕ್ಕೆ, ಆ ಫಲಿತಾಂಶದಲ್ಲಿ ತಂತ್ರಾಂಶದ ಭಾಗವೇ ಸೇರಿಹೋಗದ ಹೊರತು, ಜಿಪಿಎಲ್ ಅನ್ವಯಿಸುವುದಿಲ್ಲ ಎಂದು ಆ ಪರವಾನಗಿಯಲ್ಲೇ ಇದೆ. ನಿಮ್ಮ ಪತ್ರ, ನಿಮ್ಮ ಧ್ವನಿ, ನಿಮ್ಮ ಚಿತ್ರ ನಿಮ್ಮವು. ತಂತ್ರಾಂಶದ ಜೊತೆ ಬಂದ ಚಿತ್ರಮಾದರಿ, ಧ್ವನಿತುಣುಕುಗಳನ್ನು ಸೇರಿಸಿಕೊಂಡಿದ್ದರೆ ಅವಕ್ಕೆ ಬೇರೆ ಪರವಾನಗಿ ಇರಬಹುದು, ಪ್ರಕಟಿಸುವ ಮುನ್ನ ನೋಡಿಕೊಳ್ಳಿ. ಕಡತಗಳನ್ನು ಅವರ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಸೇವೆ ಬಳಸುತ್ತಿದ್ದರೆ ಮಾತು ಬೇರೆ; ಅಲ್ಲಿ ನಡೆಯುವುದು ಬಳಕೆಯ ನಿಯಮಗಳ ಮಾತು, ಅದನ್ನು ಓದಲೇಬೇಕು.

ಹಣದ ವಿಚಾರದಲ್ಲಿ ನಮ್ಮ ಭಾಷೆ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ: ಉಚಿತ ಬೇರೆ, ಮುಕ್ತ ಬೇರೆ. ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರಲು ಜಿಪಿಎಲ್‌ನಲ್ಲೂ ಅಡ್ಡಿಯಿಲ್ಲ, ಮುಚ್ಚಿದ ತಂತ್ರಾಂಶ ಉಚಿತವಾಗಿರಲೂಬಹುದು. ಈ ಎರಡನ್ನು ಬೆರೆಸಿಕೊಂಡವರಿಗೆ ಜಾವಾ (ಹಲವು ತಂತ್ರಾಂಶಗಳು ಓಡಲು ಬೇಕಾಗುವ ತಂತ್ರಾಂಶ) ಪಾಠ ಕಲಿಸಿತು. ಒರಾಕಲ್ ತಾನು ಸಿದ್ಧಪಡಿಸಿ ಕೊಡುವ ಜಾವಾವನ್ನು ಹಲವು ವರ್ಷ ಉಚಿತವಾಗಿ ಹಂಚಿತ್ತು. 2019ರ ಏಪ್ರಿಲ್‌ನಲ್ಲಿ ಅದರ ಪರವಾನಗಿ ಬದಲಾಗಿ, ಸ್ವಂತ ಬಳಕೆಗೆ ಉಚಿತವಾಗಿಯೇ ಉಳಿದು, ವ್ಯವಹಾರದ ಬಳಕೆಗೆ ಚಂದಾ ಬೇಕಾಯಿತು. ಮನೆಯ ಯಂತ್ರದಲ್ಲಿ ‘ಒಪ್ಪಿ’ ಎಂದು ಒತ್ತಿದವರಿಗೆ ಏನೂ ಆಗಲಿಲ್ಲ. ಅದೇ ಗುಂಡಿಯನ್ನು ಅದೇ ಅಭ್ಯಾಸಬಲದಿಂದ ಕಚೇರಿಯ ಯಂತ್ರದಲ್ಲಿ ಒತ್ತಿದಾಗ ಸಂಸ್ಥೆ ಹಣ ಕೊಡಬೇಕಾದ ಪರಿಸ್ಥಿತಿ ಬರಬಹುದಿತ್ತು. ಪಕ್ಕದಲ್ಲೇ ಜಾವಾದ್ದೇ ಮುಕ್ತ ರೂಪವಾದ, ಜಿಪಿಎಲ್ ಅಡಿಯಲ್ಲಿರುವ ಓಪನ್‌ಜೆಡಿಕೆ ಇತ್ತು, ಅದು ಮುಕ್ತವಾಗಿಯೇ ಮುಂದುವರಿಯಿತು. ಆದ್ದರಿಂದ ಪರವಾನಗಿ ಬದಲಾದ ತಂತ್ರಾಂಶ ನಿಮ್ಮ ಕಚೇರಿಯ ಯಂತ್ರದಲ್ಲೂ ಇದ್ದರೆ, ನೀವೇ ತೀರ್ಮಾನಿಸದೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ತಿಳಿಸಿ.

ಈಗ ನಿಮ್ಮ ನಾಲ್ಕನೆಯ ಪ್ರಶ್ನೆ. ಅವಸರ ಬೇಡ, ಮೊದಲು ನೋಡಿ. ಸಹಾಯದ ಮೆನುವಿನಲ್ಲಿ ‘ಬಗ್ಗೆ’ ಎಂಬ ಸಾಲನ್ನು ತೆರೆದು ಆವೃತ್ತಿಯ ಸಂಖ್ಯೆ ಮತ್ತು ಪರವಾನಗಿಯ ಹೆಸರನ್ನು ಬರೆದುಕೊಳ್ಳಿ. ಜಿಪಿಎಲ್, ಎಲ್‌ಜಿಪಿಎಲ್, ಎಜಿಪಿಎಲ್, ಎಂಪಿಎಲ್, ಎಂಐಟಿ, ಬಿಎಸ್‌ಡಿ, ಅಪಾಚೆ ಇವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಿದ್ದರೆ ಬಳಕೆದಾರರಾಗಿ ನೀವು ಮಾಡಬೇಕಾದುದು ಏನೂ ಇಲ್ಲ. ಎಸ್‌ಎಸ್‌ಪಿಎಲ್ ಅಥವಾ ಬಿಸಿನೆಸ್ ಸೋರ್ಸ್ ಲೈಸೆನ್ಸ್ ಎಂದಿದ್ದರೆ ಕೋಡು ಓದಲು ಸಿಕ್ಕರೂ ಅದು ಓಪನ್ ಸೋರ್ಸ್ ಅಲ್ಲ. ಎಸ್‌ಎಸ್‌ಪಿಎಲ್ ಓಪನ್ ಸೋರ್ಸ್ ಪರವಾನಗಿಯಲ್ಲವೆಂದು ಓಪನ್ ಸೋರ್ಸ್ ಇನಿಷಿಯೇಟಿವ್ ಸಂಸ್ಥೆ 2021ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಬಿಸಿನೆಸ್ ಸೋರ್ಸ್ ಲೈಸೆನ್ಸ್‌ನಲ್ಲಿ ಒಂದು ಆವೃತ್ತಿ ಹೆಚ್ಚೆಂದರೆ ನಾಲ್ಕು ವರ್ಷಗಳ ನಂತರ ಮುಕ್ತ ಪರವಾನಗಿಗೆ ಮರಳಬೇಕೆಂಬ ಕಟ್ಟಳೆ ಇದೆ, ಆದರೆ ನಾಲ್ಕು ವರ್ಷ ಹಳೆಯ ತಂತ್ರಾಂಶದಿಂದ ಮನೆಬಳಕೆಯವರಿಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಪರವಾನಗಿಯ ಹೆಸರೇ ಕಾಣದಿದ್ದರೆ ಮುಚ್ಚಿದ ತಂತ್ರಾಂಶವಾಗಿರುವ ಸಂಭವವೇ ಹೆಚ್ಚು.

ಮುಚ್ಚಿಹೋಗಿದೆ ಎಂದು ಖಚಿತವಾದರೆ ಅದೇ ದಿನ ನಿಮ್ಮ ಕೆಲಸವನ್ನೆಲ್ಲ ಬೇರೆ ತಂತ್ರಾಂಶಗಳೂ ಓದಬಲ್ಲ ಮಾದರಿಯಲ್ಲಿ ಒಮ್ಮೆ ಹೊರತೆಗೆದಿಡಿ: ಧ್ವನಿಯಾದರೆ ವೇವ್ ಅಥವಾ ಫ್ಲಾಕ್, ಬರಹವಾದರೆ ಓಡಿಎಫ್ ಅಥವಾ ಸಾದಾ ಪಠ್ಯ. ನಾನು ಐದು ತಿಂಗಳು ತಡಮಾಡಿ ಕಲಿತದ್ದನ್ನು ನೀವು ಇಂದೇ ಮಾಡಬಹುದು. ಅಪ್‌ಡೇಟ್‌ಗಳು ತಾವಾಗಿ ಇಳಿಯುವುದನ್ನು ಆ ಒಂದು ತಂತ್ರಾಂಶಕ್ಕೆ ಮಾತ್ರ ನಿಲ್ಲಿಸಿ. ಆದರೆ ಹಾಗೆ ನಿಲ್ಲಿಸಿ ಮರೆತುಬಿಡುವುದೇ ದೊಡ್ಡ ಅಪಾಯ. ಅಂತರ್ಜಾಲದ ಸಂಪರ್ಕವಿಲ್ಲದೆ ಕೆಲಸ ಮಾಡುವ ಧ್ವನಿ ಸಂಪಾದಕ, ನೀವೇ ಮಾಡಿದ ಕಡತಗಳನ್ನು ಮಾತ್ರ ತೆರೆಯುತ್ತಿದ್ದರೆ, ಹಳೆಯ ಆವೃತ್ತಿಯಲ್ಲೇ ಸಾಕಷ್ಟು ಕಾಲ ನಡೆಯಬಹುದು. ಹೊರಗಿನವರು ಕಳಿಸಿದ ಕಡತಗಳನ್ನು ತೆರೆಯುವಂಥದು ಅಷ್ಟು ಕಾಲ ನಡೆಯದು. ಬ್ರೌಸರ್, ಇಮೇಲ್, ಪಾಸ್‌ವರ್ಡ್ ಕಾಯುವ ತಂತ್ರಾಂಶಗಳನ್ನಂತೂ ಭದ್ರತಾ ತಿದ್ದುಪಡಿ ಇಲ್ಲದೆ ಒಂದು ತಿಂಗಳು ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಅಲ್ಲಿ ಹೊಸ ಷರತ್ತನ್ನು ಒಪ್ಪಿ ಮುಂದುವರಿಯಿರಿ, ಇಲ್ಲವೇ ಬೇರೊಂದಕ್ಕೆ ಹೋಗಿ.

ಕವಲಿಗೆ ಹೋಗುವುದಾದರೆ ಮೊದಲ ವಾರದಲ್ಲೇ ಹಾರಬೇಡಿ. ಸಿಟ್ಟಿನಿಂದ ಹುಟ್ಟಿದ ಕವಲುಗಳು ಬೇಗ ಬಾಡುತ್ತವೆ. ಆಡಾಸಿಟಿಯ ಗದ್ದಲದಲ್ಲಿ ಒಂದಕ್ಕಿಂತ ಹೆಚ್ಚು ಹುಟ್ಟಿಕೊಂಡವು, ಎಲ್ಲವೂ ಉಳಿಯಲಿಲ್ಲ. ಒಂದು ಕವಲು ಆರು ತಿಂಗಳಲ್ಲಿ ಎಷ್ಟು ಆವೃತ್ತಿ ಹೊರತಂದಿದೆ, ಕೆಲಸ ಒಬ್ಬರ ಮೇಲೆ ನಿಂತಿದೆಯೋ ಹಲವರ ಮೇಲೋ, ಹಿಂದೆ ಯಾವುದಾದರೂ ಪ್ರತಿಷ್ಠಾನ ಇದೆಯೋ ನೋಡಿ. ಲಿಬ್ರೆಆಫೀಸ್, ಜೆಲ್ಲಿಫಿನ್‌ಗಳು ಈ ಪರೀಕ್ಷೆಯಲ್ಲಿ ಎಂದೋ ಗೆದ್ದಿವೆ. ಇಳಿಸಿಕೊಳ್ಳುವಾಗ ಆ ಯೋಜನೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಏಕೆಂದರೆ ಹೆಸರು ಬದಲಾಗುವ ಹೊತ್ತಿನಲ್ಲೇ ನಕಲಿ ಪ್ರತಿಗಳನ್ನು ಹರಿಯಬಿಡುವವರಿಗೆ ಅನುಕೂಲ ಹೆಚ್ಚು.

ಕೊನೆಯದಾಗಿ, ಓದದೆ ಒತ್ತಿದ ಆ ಒಪ್ಪಿಗೆ. ಅದು ಜಿಪಿಎಲ್‌ನಂಥ ಪರವಾನಗಿಯ ಪಠ್ಯವಾಗಿದ್ದರೆ ನಿಮ್ಮ ಒತ್ತುವಿಕೆಯಿಂದ ಹೊಸದಾಗಿ ಏನೂ ಆಗಿಲ್ಲ. ಬಳಕೆಯ ನಿಯಮವೋ ಖಾಸಗಿತನದ ನೀತಿಯೋ ಆಗಿದ್ದರೆ ತಂತ್ರಾಂಶದ ತಾಣದಲ್ಲಿ ಅದರ ಈಗಿನ ಪಠ್ಯ ಸಿಗುತ್ತದೆ. ಪೂರ್ತಿ ಓದಲು ಆಗದಿದ್ದರೆ ಯಾವ ಮಾಹಿತಿ ಸಂಗ್ರಹಿಸುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬ ಎರಡು ಭಾಗಗಳನ್ನು ಓದಿ. ಒಪ್ಪಿಗೆಯಾಗದಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಕಳಿಸುವ ಆಯ್ಕೆಗಳನ್ನು ಆಫ್ ಮಾಡಿ, ಆಮೇಲೆ ತಂತ್ರಾಂಶವನ್ನು ತೆಗೆದುಹಾಕಿ. ಖಾತೆ ತೆರೆದಿದ್ದರೆ ತಂತ್ರಾಂಶ ತೆಗೆದರಷ್ಟೇ ಸಾಲದು, ಖಾತೆಯನ್ನೂ ಮುಚ್ಚಬೇಕು, ಮತ್ತು ಅಲ್ಲಿಯವರೆಗೆ ಹೋಗಿರುವ ಮಾಹಿತಿಯನ್ನು ಅಳಿಸಲು ಪ್ರತ್ಯೇಕವಾಗಿ ಬರೆದು ಕೇಳಬೇಕು. ಯಾರಿಗೆ ಬರೆಯಬೇಕೆಂಬ ವಿಳಾಸ ಸಾಮಾನ್ಯವಾಗಿ ಆ ನೀತಿಯ ಕೊನೆಯ ಭಾಗದಲ್ಲಿ ಇರುತ್ತದೆ.